ಬಲಕ್ಕೆ ದರ್ಜೆ, ಎಡಕ್ಕೆ ರೆಕ್ಕೆ: 1944ರ ಅಮೆರಿಕನ್ ವಾಯುಪಡೆ ಅಧಿಕಾರಿಯ ಕಾಲರ್ ಸಿದ್ಧಪಡಿಸುವ ಬಗೆ

ನಾಟಕ ಮುಗಿದು ನಟರು ಬಣ್ಣ ಒರೆಸಿಕೊಳ್ಳುತ್ತಿದ್ದರು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಗ್ರೀನ್ ರೂಮಿಗೆ ಬಂದು, "ನಾಟಕ ಚೆನ್ನಾಗಿತ್ತಪ್ಪ. ಆದ್ರೆ ನಿಮ್ಮ ಅಮೆರಿಕದ ಕ್ಯಾಪ್ಟನ್ ಕಾಲರು ಅದಲು ಬದಲಾಗಿದೆ" ಎಂದರು. ಕತೆ ನಡೆಯುವುದು 1944ರ ಬೆಂಗಳೂರಿನಲ್ಲಿ. ವೇಷಭೂಷಣ ನನ್ನದು. ಆ ಹಿರಿಯರ ತಂದೆ ಯುದ್ಧದ ಕಾಲದಲ್ಲಿ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಂತೆ. ಅಮೆರಿಕನ್ ಅಧಿಕಾರಿಗಳ ಜೊತೆ ತೆಗೆಸಿಕೊಂಡ ಗ್ರೂಪ್ ಫೋಟೋ ಅವರ ನಡುಮನೆಯ ಗೋಡೆಯ ಮೇಲಿತ್ತಂತೆ. "ಚಿಕ್ಕವನಿದ್ದಾಗಿಂದ ನೋಡಿದೀನಿ. ಪಟ್ಟಿ ಈ ಕಡೆ, ರೆಕ್ಕೆ ಈ ಕಡೆ" ಎಂದು ತಮ್ಮದೇ ಶರ್ಟಿನ ಕಾಲರು ಹಿಡಿದು ತೋರಿಸಿದರು.

ತಪ್ಪು ಆಗಿದ್ದು ಹೇಗೆ ಅಂತ ಆಮೇಲೆ ಹೊಳೆಯಿತು. ನಾನು ನಟನ ಎದುರು ನಿಂತು ಬಿಲ್ಲೆ ಚುಚ್ಚಿದ್ದೆ. ನನ್ನ ಬಲ ಅವನ ಎಡ. ಇಷ್ಟೇ!

ಅವತ್ತಿನಿಂದ ಈ ಕಾಲರ್ ಬಿಲ್ಲೆಗಳ, ಅಂದರೆ ದರ್ಜೆ ಮತ್ತು ವಿಭಾಗ ತೋರಿಸುವ ಲೋಹದ ಗುರುತುಗಳ, ಹುಚ್ಚು ಹಿಡಿಯಿತು. ನಾಟಕ, ಕಿರುಚಿತ್ರಕ್ಕೆ ಬಟ್ಟೆ ಹೊಂದಿಸುವವರಿಗೆ, ಮಾಡೆಲ್ ಮಾಡುವವರಿಗೆ, ಅಜ್ಜನ ಟ್ರಂಕಿನಲ್ಲಿ ರೆಕ್ಕೆಯಿರುವ ಹಿತ್ತಾಳೆ ತುಂಡೊಂದು ಸಿಕ್ಕು ಇದೇನಪ್ಪಾ ಅಂತ ಯೋಚಿಸುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಬೆಂಗಳೂರಿಗೂ ಅಮೆರಿಕನ್ ಕಾಲರಿಗೂ ಏನು ನಂಟು ಅಂತ ಕೇಳುವವರಿಗೆ ಎರಡು ಮಾತು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಈಗಿನ ಎಚ್‌ಎಎಲ್ ಅದೇ. 1943ರಲ್ಲಿ ಕಾರ್ಖಾನೆ ನಡೆಸುವ ಹೊಣೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಅವರ ಲೆಕ್ಕದಲ್ಲಿ ಅದು 84ನೇ ಏರ್ ಡಿಪೊ. ಕ್ಯಾಟಲೀನಾ, ಡಕೋಟಾದಂಥ ವಿಮಾನಗಳು ರಿಪೇರಿಗೆ ಬರುತ್ತಿದ್ದದ್ದು ಇಲ್ಲಿಗೆ. ಹಾಗಾಗಿ ಆ ಕಾಲದ ಬೆಂಗಳೂರಿನ ಕತೆ ಹೇಳುವವರಿಗೆ ಒಬ್ಬ ಅಮೆರಿಕನ್ ಅಧಿಕಾರಿ ಎದುರಾಗುವುದು ಸಹಜ.

ಮೊದಲು ವರ್ಷ ಗೊತ್ತುಮಾಡಿಕೊಳ್ಳಿ

ಬಿಲ್ಲೆ ಕೊಳ್ಳುವ ಮುಂಚೆ ಒಂದು ಚೀಟಿಯಲ್ಲಿ ವರ್ಷ ಬರೆದಿಟ್ಟುಕೊಳ್ಳಿ. ಸುಮ್ನೆ 'ಯುದ್ಧದ ಕಾಲ' ಅಂದರೆ ಸಾಲದು. ಮೂವತ್ತು ಚಿಲ್ಲರೆ ವರ್ಷದಲ್ಲಿ ಈ ಕಾಲರು ಹಲವು ಸಲ ಬದಲಾಗಿದೆ.

ಮೊದಲನೇ ಮಹಾಯುದ್ಧದಲ್ಲಿ ಅಮೆರಿಕನ್ ಅಧಿಕಾರಿಯ ಕೋಟಿಗೆ ಕತ್ತು ಮುಚ್ಚುವ ನಿಲುಗಾಲರು ಇತ್ತು. ನಮ್ಮ ಬಂದ್‌ಗಲಾ ನೆನಪಿಸಿಕೊಳ್ಳಿ. ಬಿಲ್ಲೆಗಳು ಮಂಕು ಕಂಚಿನ ಬಣ್ಣದವು. 1926ರಲ್ಲಿ ಲ್ಯಾಪೆಲ್ (ಎದೆಯ ಮೇಲೆ ಹೊರಮಡಚಿದ ಅಂಚು) ಇರುವ, ಕತ್ತು ತೆರೆದ ಕೋಟು ಬಂತು. ಆ ಹೊತ್ತಿಗೆ ಬಿಲ್ಲೆಗಳೂ ಹೊಳೆಯುವ ಬಂಗಾರದ ಬಣ್ಣಕ್ಕೆ ತಿರುಗಿದ್ದವು. ಅದೇ 1926ರಲ್ಲಿ ವಿಮಾನ ವಿಭಾಗಕ್ಕೆ ಏರ್ ಕೋರ್ ಎಂಬ ಹೆಸರು ಬಂತು. 1941ರ ಜೂನ್‌ನಲ್ಲಿ ಸೇನಾ ವಾಯುಪಡೆ ಆಯಿತು. 1947ರ ಸೆಪ್ಟೆಂಬರ್‌ನಲ್ಲಿ ಸೇನೆಯಿಂದ ಬೇರೆಯಾಗಿ ಸ್ವತಂತ್ರ ವಾಯುಪಡೆ. 1949ರಲ್ಲಿ ನೀಲಿ ಸಮವಸ್ತ್ರ ಬಂದಾಗ, ರೆಕ್ಕೆಗಳ ನಡುವೆ ಪ್ರೊಪೆಲರ್ (ವಿಮಾನದ ತಿರುಗುವ ಪಂಖ) ಇರುವ ಬಿಲ್ಲೆ ಹೋಯಿತು. ಬೆಳ್ಳಿ ಬಣ್ಣದ ಯು.ಎಸ್. ಅಕ್ಷರಗಳು ಮಾತ್ರ ಉಳಿದವು.

ಅಂದರೆ ನೀಲಿ ಕೋಟಿನ ಮೇಲೆ ಬಂಗಾರದ ರೆಕ್ಕೆ ಕಂಡರೆ ಅಲ್ಲೇನೋ ಎಡವಟ್ಟಾಗಿದೆ ಎಂದರ್ಥ.

ದೇಶವನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳಿ. ಆಗ ಇಲ್ಲಿ ಬ್ರಿಟಿಷ್ ವಾಯುಪಡೆಯವರೂ ಇದ್ದರು, 1932ರಲ್ಲಿ ಹುಟ್ಟಿದ ನಮ್ಮ ಭಾರತೀಯ ವಾಯುಪಡೆಯವರೂ ಇದ್ದರು. ಅವರ ಪದ್ಧತಿಯೇ ಬೇರೆ. ನೀಲಿ ಕೋಟಿನಲ್ಲಿ ದರ್ಜೆ ತೋರಿಸುವುದು ತೋಳಿನ ತುದಿಯ ಪಟ್ಟೆಗಳು. ಖಾಕಿಯಲ್ಲಾದರೆ ಭುಜಪಟ್ಟಿ. ಮಾಮೂಲಿ ಅಧಿಕಾರಿಯ ಕಾಲರು ಖಾಲಿ. ಬ್ರಿಟಿಷ್ ಸ್ವಯಂಸೇವಾ ಮೀಸಲು ಪಡೆಯವರು ವಿ.ಆರ್. ಎಂಬ ಪುಟ್ಟ ಹಿತ್ತಾಳೆ ಅಕ್ಷರ ಹಾಕುತ್ತಿದ್ದರು. ಡಾಕ್ಟರು, ಪಾದ್ರಿಗಳಿಗೆ ಬೇರೆ ಬಿಲ್ಲೆ ಇತ್ತು. ಅಷ್ಟೇ. ಇಂದು ನಮ್ಮ ಏರ್ ಕಮೋಡೋರ್ ಮತ್ತು ಮೇಲಿನವರ ಕಾಲರಿನಲ್ಲಿ ನಕ್ಷತ್ರಗಳಿರುವ ಪಟ್ಟಿ ನೋಡಿರುತ್ತೀರಿ. ಅದನ್ನು ನೋಡಿ ರೂಢಿಯಾಗಿ, 1944ರ ಫ್ಲೈಟ್ ಲೆಫ್ಟಿನೆಂಟಿನ ಕಾಲರಿಗೂ ಏನಾದರೂ ಸಿಕ್ಕಿಸೋಣ ಅನ್ನಿಸುತ್ತದೆ. ಬೇಡ.

ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ 1943ರಿಂದ 45ರವರೆಗಿನ ಅಮೆರಿಕನ್ ಅಧಿಕಾರಿಗೆ ಅನ್ವಯ.

ಕೋಟೋ, ಶರ್ಟೋ?

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿ. ಕೋಟು ಹಾಕಿದಾಗ ಒಂದು ನಿಯಮ, ಬರೀ ಶರ್ಟಿನಲ್ಲಿದ್ದಾಗ ಇನ್ನೊಂದು ನಿಯಮ. ಎರಡನ್ನೂ ಕಲಸಬಾರದು.

ಕೋಟಿನದು ಸುಲಭ. ಅಧಿಕಾರಿಯ ಉಣ್ಣೆಯ ಕೋಟು ಕಡು ಹಸಿರು ಕಂದು. ತೋಳಿನ ತುದಿಯಲ್ಲಿ ಅರ್ಧ ಇಂಚಿನ ಪಟ್ಟೆ ಹೊಲಿದಿರುತ್ತದೆ. ಕಾಲರೂ ಲ್ಯಾಪೆಲ್ಲೂ ಸೇರುವ ಕಡೆ ವಿ ಆಕಾರದ ಕಚ್ಚು ಇರುತ್ತದಲ್ವಾ, ಅದೇ ನಮ್ಮ ಗಡಿ. ಕಚ್ಚಿನ ಮೇಲೆ, ಕಾಲರಿನ ಎರಡೂ ಕಡೆ ಯು.ಎಸ್. ಅಕ್ಷರಗಳು. ಕಚ್ಚಿನ ಕೆಳಗೆ, ಲ್ಯಾಪೆಲ್ಲಿನ ಎರಡೂ ಕಡೆ ರೆಕ್ಕೆ ಮತ್ತು ಪ್ರೊಪೆಲರಿನ ಬಿಲ್ಲೆ. ಒಟ್ಟು ನಾಲ್ಕು. ದರ್ಜೆ ಭುಜಪಟ್ಟಿಯ ಮೇಲೆ. ಒಳಗಿನ ಶರ್ಟಿನ ಕಾಲರಿನಲ್ಲಿ ಏನೂ ಇಲ್ಲ.

ಶರ್ಟಿನಲ್ಲಿ ಜಾಗ ಕಮ್ಮಿ, ಅಲ್ವಾ? ಹಾಗಾಗಿ ಎರಡೇ ಬಿಲ್ಲೆ. ಹಾಕಿಕೊಂಡವನ ಬಲಗಡೆ ಕಾಲರಿಗೆ ದರ್ಜೆ. ಅವನ ಎಡಗಡೆ ಕಾಲರಿಗೆ ರೆಕ್ಕೆ. ಯು.ಎಸ್. ಅಕ್ಷರಗಳಿಲ್ಲ. ಅಧಿಕಾರಿಯ ಶರ್ಟಿಗೆ ಭುಜಪಟ್ಟಿ ಇರುತ್ತದೆ, ಆದರೆ ಅದರ ಮೇಲೆ ಏನೂ ಹಾಕಬೇಡಿ. 1942ರ ಬದಲಾವಣೆಗೆ ಮುಂಚೆ ಹೀಗಿರಲಿಲ್ಲ. ಆಗ ಬಲ ಕಾಲರಿಗೆ ಯು.ಎಸ್., ಎಡಕ್ಕೆ ರೆಕ್ಕೆ, ದರ್ಜೆ ಭುಜದ ಮೇಲೆ. 1941ರ ಕತೆಯಾದರೆ ಆ ಹಳೇ ಕ್ರಮ ಹಿಡಿಯಿರಿ.

ಬೆಂಗಳೂರಿನ ಕತೆಗೆ ನಾನಾದರೆ ಶರ್ಟನ್ನೇ ಆರಿಸುತ್ತೇನೆ. ಭಾರತದ ಸೆಕೆಗೆ ಅಮೆರಿಕನ್ನರು ಹೆಚ್ಚಾಗಿ ಹಾಕುತ್ತಿದ್ದದ್ದು ತೆಳು ಖಾಕಿ ಹತ್ತಿಬಟ್ಟೆ. ಕೋಟು ಹೊಲಿಸುವ ಖರ್ಚೂ ಉಳಿಯಿತು.

ಎಲ್ಲರಿಗೂ ರೆಕ್ಕೆ ಇಲ್ಲ

ವಾಯುಪಡೆ ಅಂದಮೇಲೆ ಎಲ್ಲರ ಕಾಲರಿನಲ್ಲೂ ಪ್ರೊಪೆಲರ್ ಇರಬೇಕು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಆಗ ವಾಯುಪಡೆ ಇನ್ನೂ ಸೇನೆಯ ಒಂದು ಭಾಗ. ಕಾಲರಿನ ಬಿಲ್ಲೆ ಹೇಳುವುದು ಮನುಷ್ಯ ಯಾವ ವಿಭಾಗಕ್ಕೆ ಸೇರಿದವನು ಎಂಬುದನ್ನು. ವಾಯುನೆಲೆಯಲ್ಲಿ ಕೆಲಸ ಮಾಡುವ ಡಾಕ್ಟರ ಕಾಲರಿನಲ್ಲಿ ರೆಕ್ಕೆಯ ಕೋಲಿಗೆ ಎರಡು ಹಾವು ಸುತ್ತಿದ ವೈದ್ಯಕೀಯ ಚಿಹ್ನೆ. ಕ್ರೈಸ್ತ ಪಾದ್ರಿಗೆ ಶಿಲುಬೆ. ಬಾಂಬು, ಮದ್ದುಗುಂಡು ನೋಡಿಕೊಳ್ಳುವ ಆರ್ಡ್‌ನನ್ಸ್ ಅಧಿಕಾರಿಗೆ ಉರಿಯುವ ಗುಂಡು. ಸಿಗ್ನಲ್ಸ್‌ನವನಿಗೆ ಅಡ್ಡ ಹಿಡಿದ ಎರಡು ಬಾವುಟ. ಎಂಜಿನಿಯರನಿಗೆ ಕೋಟೆ.

ಇದನ್ನು ತೊಂದರೆ ಅಂದುಕೊಳ್ಳಬೇಡಿ. ಪಾತ್ರ ಕಟ್ಟುವವರಿಗೆ ಇದು ವರ. ಒಂದೇ ಮೇಜಿನ ಸುತ್ತ ಕೂತ ನಾಲ್ವರು ಅಧಿಕಾರಿಗಳ ಪೈಕಿ ಒಬ್ಬನ ಕಾಲರಿನಲ್ಲಿ ಹಾವು ಕಂಡರೆ ಅವನು ಡಾಕ್ಟರು ಅಂತ ಹೇಳುವ ಸಂಭಾಷಣೆಯೇ ಬೇಕಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಪೈಲಟ್ ಎದೆಯ ಎಡಭಾಗದಲ್ಲಿ ಹಾಕುವ ಉದ್ದನೆಯ ಬೆಳ್ಳಿ ರೆಕ್ಕೆ ಬೇರೆ, ಕಾಲರಿನ ರೆಕ್ಕೆ ಬೇರೆ. ಎದೆಯದು ಹಾರಾಟದ ಅರ್ಹತೆ. ಕಾಲರಿನದು ವಿಭಾಗ. ಸ್ಟೋರಿನ ಲೆಕ್ಕ ಬರೆಯುತ್ತಾ ಒಮ್ಮೆಯೂ ವಿಮಾನ ನಡೆಸದ ವಿಮಾನ ವಿಭಾಗದ ಅಧಿಕಾರಿಯ ಕಾಲರಿನಲ್ಲೂ ಪ್ರೊಪೆಲರ್ ಇರುತ್ತದೆ. ಅವನ ಎದೆಗೆ ಮಾತ್ರ ಏನೂ ಅಂಟಿಸಬೇಡಿ.

ದರ್ಜೆ: ಇಲ್ಲಿ ಬೆಳ್ಳಿಯೇ ಮೇಲು

ಸೆಕೆಂಡ್ ಲೆಫ್ಟಿನೆಂಟ್‌ಗೆ ಒಂದು ಚಿನ್ನದ ಪಟ್ಟಿ. ಫಸ್ಟ್ ಲೆಫ್ಟಿನೆಂಟ್‌ಗೆ ಒಂದು ಬೆಳ್ಳಿ ಪಟ್ಟಿ. ಕ್ಯಾಪ್ಟನ್‌ಗೆ ಜೋಡಿ ಬೆಳ್ಳಿ ಪಟ್ಟಿ. ಮೇಜರ್‌ಗೆ ಚಿನ್ನದ ಓಕ್ ಎಲೆ, ಲೆಫ್ಟಿನೆಂಟ್ ಕರ್ನಲ್‌ಗೆ ಬೆಳ್ಳಿ ಓಕ್ ಎಲೆ. ಕರ್ನಲ್‌ಗೆ ಬೆಳ್ಳಿ ಹದ್ದು. ಅದರ ಮೇಲೆ ಜನರಲ್‌ಗಳ ನಕ್ಷತ್ರ.

ಚಿನ್ನಕ್ಕಿಂತ ಬೆಳ್ಳಿ ದೊಡ್ಡದು ಅಂದರೆ ನಮ್ಮ ಅಜ್ಜಿ ಖಂಡಿತ ಒಪ್ಪುತ್ತಿರಲಿಲ್ಲ. ಲೆಫ್ಟಿನೆಂಟರ ಮಟ್ಟಿಗೆ ಕಾರಣ ಸರಳ. ಬೆಳ್ಳಿ ಪಟ್ಟಿಗಳು ಮೊದಲೇ ಬಳಕೆಯಲ್ಲಿದ್ದವು. ಸೆಕೆಂಡ್ ಲೆಫ್ಟಿನೆಂಟ್‌ಗೆ ಗುರುತೇ ಇರಲಿಲ್ಲ. 1917ರಲ್ಲಿ ಅವರಿಗೂ ಒಂದು ಕೊಡಬೇಕಾಗಿ ಬಂದಾಗ, ಮಿಕ್ಕವರದನ್ನು ಬದಲಿಸುವ ಬದಲು ಚಿನ್ನದ ಬಣ್ಣದ ಪಟ್ಟಿ ಕೊಟ್ಟರು.

1942ರಲ್ಲಿ ವಾಯುಪಡೆಗೆಂದೇ ಫ್ಲೈಟ್ ಆಫೀಸರ್ ಎಂಬ ದರ್ಜೆ ಬಂತು. ಲೆಫ್ಟಿನೆಂಟ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಅವರ ಪಟ್ಟಿಗೆ ನೀಲಿ ಎನಾಮೆಲ್, ನಡುವೆ ಚಿನ್ನದ ಗೆರೆ. ಹದಿಹರೆಯ ದಾಟಿದ ಹುಡುಗ ಪೈಲಟ್ ಪಾತ್ರವಿದ್ದರೆ ಇದನ್ನು ಯೋಚಿಸಿ. ಪ್ರೇಕ್ಷಕರಲ್ಲಿ ತಿಳಿದವರು ಒಬ್ಬರಿದ್ದರೂ ಖುಷಿಪಡುತ್ತಾರೆ.

ಕರ್ನಲ್ ಹದ್ದು ಕೊಳ್ಳುವಾಗ ಜೋಡಿ ನೋಡಿ ತೆಗೆದುಕೊಳ್ಳಿ. ಎಡದ್ದೂ ಬಲದ್ದೂ ಒಂದಕ್ಕೊಂದು ಕನ್ನಡಿ ಬಿಂಬದಂತಿರುತ್ತವೆ. ಕೊಕ್ಕು ಮುಂದಕ್ಕೆ ನೋಡಬೇಕು. ಕಾಲರಿನ ರೆಕ್ಕೆ ಬಿಲ್ಲೆಗೆ ಈ ತಾಪತ್ರಯ ಇಲ್ಲ, ಎರಡು ಕಡೆಗೂ ಒಂದೇ.

ಬಿಲ್ಲೆ ಕೈಗೆ ತಗೊಂಡು ನೋಡಿ

ನನ್ನ ಬಳಿ ಇರುವುದೊಂದನ್ನು ವರ್ಣಿಸುತ್ತೇನೆ. ಅಗಲ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ಗಿಲೀಟು ಹಾಕಿದ ರೆಕ್ಕೆಗಳು ಅಡ್ಡಕ್ಕೆ ಚಾಚಿವೆ. ನಡುವೆ ನೆಟ್ಟಗೆ ನಿಂತ ಬೆಳ್ಳಿ ಬಣ್ಣದ ಎರಡು ಅಲಗಿನ ಪ್ರೊಪೆಲರ್. ಅದನ್ನು ಬೇರೆಯಾಗಿ ಮಾಡಿ ರೆಕ್ಕೆಯ ಮೇಲೆ ಕೂರಿಸಿದ್ದಾರೆ. ಉಗುರಿನಿಂದ ಸವರಿದರೆ ಅಂಚು ಸಿಗುತ್ತದೆ. ಒಳ್ಳೇ ಕೆಲಸದ ಗುರುತು ಅದು. ರೆಕ್ಕೆಯ ಗರಿಗಳ ಸಂದಿನಲ್ಲಿ ಹಳೇ ಪಾಲಿಶ್ ಬಿಳಿ ಪುಡಿಯಾಗಿ ಕೂತಿದೆ. ಉಬ್ಬಿದ ಕಡೆ ಗಿಲೀಟು ಸವೆದು ಒಳಗಿನ ಲೋಹ ಇಣುಕುತ್ತಿದೆ.

ತಿರುಗಿಸಿ ಹಿಂಬದಿ ನೋಡಿ. ಅಸಲಿ ವಿಷಯ ಇರುವುದು ಅಲ್ಲಿ. ಮೂರು ಬಗೆಯ ಹಿಡಿಕೆ ಸಿಗುತ್ತದೆ. ಬ್ರೋಚಿನ ಹಾಗೆ ಅಡ್ಡ ಪಿನ್ನು ಇರುವುದು. ನಮ್ಮ ಓಲೆಯ ತಿರುಪಿನ ಹಾಗೆ ತಿರುಗಿಸಿ ಕೂರಿಸುವುದು. ಎರಡು ಮುಳ್ಳು ಇದ್ದು ಹಿಂದಿನಿಂದ ಒತ್ತುಗುಂಡಿ ಸಿಕ್ಕಿಸುವುದು. ಈ ಒತ್ತುಗುಂಡಿ ಯುದ್ಧದ ನಡುವೆ ಹೆಚ್ಚು ಬಳಕೆಗೆ ಬಂದದ್ದು. ಹಾಗಂತ ಅಡ್ಡಪಿನ್ನು ನಿಂತುಹೋಗಲಿಲ್ಲ, ಅಧಿಕಾರಿಗಳ ಬಿಲ್ಲೆಗಳಲ್ಲಿ ಅದು ಯುದ್ಧ ಮುಗಿಯುವವರೆಗೂ ಇದೆ. ಆದ್ದರಿಂದ ಹಿಡಿಕೆ ನೋಡಿ ಮಾತ್ರ ಕಾಲ ಹೇಳಬೇಡಿ.

ತಯಾರಕರ ಮುದ್ರೆ ಹುಡುಕಿ. ಮೇಯರ್, ಜೆಮ್ಸ್ಕೊ, ಆಮ್‌ಕ್ರಾಫ್ಟ್ ಇವು ಆ ಕಾಲದ ಹೆಸರುಗಳು. ಸ್ಟರ್ಲಿಂಗ್ ಎಂದಿದ್ದರೆ ಬೆಳ್ಳಿ. ಹೆಸರಿನ ಬದಲು ಒಂದು ಅಕ್ಷರ, ಒಂದೆರಡು ಅಂಕೆ ಸೇರಿದ ಸಂಕೇತ ಇದ್ದರೆ ಅದು ಯುದ್ಧದ ಎಷ್ಟೋ ಆಮೇಲಿನ ಮಾಲು.

ದೊಡ್ಡ ಮೋಸ ಇನ್ನೊಂದಿದೆ. 1983ರಲ್ಲಿ ಅಮೆರಿಕದ ಸೇನೆ ಮತ್ತೆ ತನ್ನದೇ ವೈಮಾನಿಕ ವಿಭಾಗ ಮಾಡಿಕೊಂಡು, ಹಳೇ ಬಿಲ್ಲೆಯನ್ನೇ ಸ್ವಲ್ಪ ತಿದ್ದಿ ಬಳಸಿತು. ಬೆಳ್ಳಿ ಪ್ರೊಪೆಲರ್ ಅದೇ, ರೆಕ್ಕೆಯ ಆಕಾರ ಬೇರೆ. ಆನ್‌ಲೈನಿನಲ್ಲಿ 'ಮಹಾಯುದ್ಧದ್ದು' ಎಂದು ಮಾರುವ ಹೊಳೆಹೊಳೆಯುವ ಬಿಲ್ಲೆಗಳಲ್ಲಿ ಇವೂ ಸೇರಿರುತ್ತವೆ. ಕೊಳ್ಳುವ ಮುಂಚೆ ಹಳೇ ಫೋಟೋ ಪಕ್ಕಕ್ಕಿಟ್ಟು ರೆಕ್ಕೆಯ ಗರಿಗಳನ್ನು ಹೋಲಿಸಿ. ಹಿಂಬದಿಯ ಫೋಟೋ ಕಳಿಸದ ಮಾರಾಟಗಾರನಿಗೆ ನಮಸ್ಕಾರ ಹೇಳಿಬಿಡಿ.

ಅಕ್ಷರಗಳ ವಿಷಯ ಮರೆತಿದ್ದೆ. ಅಧಿಕಾರಿಯ ಯು.ಎಸ್. ಎಂದರೆ ಬಿಡಿಯಾಗಿ ಕತ್ತರಿಸಿದ ಅಕ್ಷರಗಳು, ಒಂದೊಂದರ ಪಕ್ಕ ಚುಕ್ಕೆ. ದುಂಡನೆಯ ಹಿತ್ತಾಳೆ ತಟ್ಟೆಯ ಮೇಲೆ ಅಕ್ಷರ ಅಥವಾ ಪ್ರೊಪೆಲರ್ ಇದ್ದರೆ ಅದು ಅಧಿಕಾರಿಯದಲ್ಲ, ಸಾಮಾನ್ಯ ಸೈನಿಕರ ಕೋಟಿನದು. ಅಂಗಡಿಗಳಲ್ಲಿ ಈ ದುಂಡನೆಯವೇ ಅಗ್ಗಕ್ಕೆ ಸಿಗುತ್ತವೆ. ಕ್ಯಾಪ್ಟನ್ ಕಾಲರಿಗೆ ಅದನ್ನು ಹಾಕಿದರೆ ಅವನನ್ನು ಕೆಳಗಿಳಿಸಿದಂತೆ.

ಸಿಗದಿದ್ದರೆ ಮಾಡಿಸಿ

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆಗ ಇಲ್ಲಿದ್ದ ಅಮೆರಿಕನ್ನರೇ ನಮ್ಮ ಬಜಾರುಗಳಲ್ಲಿ ಬಿಲ್ಲೆ ಮಾಡಿಸಿಕೊಳ್ಳುತ್ತಿದ್ದರು. ಭಾರತದಲ್ಲಿ ಎರಕ ಹೊಯ್ದ ಹಿತ್ತಾಳೆ ಬಿಲ್ಲೆ, ಜರಿಯಲ್ಲಿ ಕಸೂತಿ ಮಾಡಿದ ತೋಳುಪಟ್ಟಿಗಳನ್ನು ಇವತ್ತು ಸಂಗ್ರಹಕಾರರು ಹುಡುಕಿಕೊಂಡು ಕೊಳ್ಳುತ್ತಾರೆ. ಗರಿ ಸ್ವಲ್ಪ ದಪ್ಪ, ಅಂಚು ಸ್ವಲ್ಪ ಒರಟು. ನಮ್ಮ ಕತೆಗೆ ಅದೇ ಹೆಚ್ಚು ಒಪ್ಪುತ್ತದೆ.

ನಾನು ಮಾಡಿಸಿದ್ದು ಹೀಗೆ. ಆ ಕಾಲದ ಬಿಲ್ಲೆಯ ಸ್ಪಷ್ಟ ಚಿತ್ರವನ್ನು ಅಸಲಿ ಅಳತೆಗೆ ಪ್ರಿಂಟ್ ತೆಗೆದು ಹಿತ್ತಾಳೆ ತಗಡಿನ ಮೇಲೆ ಅಂಟಿಸಿದೆ. ಪರಿಚಯದ ಅಕ್ಕಸಾಲಿಗರು ಸಣ್ಣ ಗರಗಸದಲ್ಲಿ ರೆಕ್ಕೆ ಕೊಯ್ದು ಗರಿಗಳ ಗೆರೆ ಕೊರೆದುಕೊಟ್ಟರು. ಪ್ರೊಪೆಲರ್ ಜರ್ಮನ್ ಸಿಲ್ವರಿನದು. ಅದನ್ನು ಮೇಲೆ ಕೂರಿಸಿ ಬೆಸುಗೆ, ಹಿಂದೆ ಬ್ರೋಚಿನ ಪಿನ್ನು. ಹಿಂಬದಿಯಲ್ಲಿ ಇಸವಿ ಕೆತ್ತಿಸಿದ್ದೇನೆ, ಮಾಡಿಸಿದ ಇಸವಿ. ಮುಂದೆ ಯಾರಾದರೂ ಇದನ್ನೇ ಅಸಲಿ ಅಂತ ಮಾರಬಾರದಲ್ಲ. ವೇದಿಕೆಗೆ ಮಾತ್ರ ಸಾಕು ಅನ್ನುವವರು ತ್ರೀಡಿ ಪ್ರಿಂಟ್ ಮಾಡಿಸಿ ಬಣ್ಣ ಬಳಿಯಬಹುದು. ಮೂರನೇ ಸಾಲಿನಿಂದ ಹಿಂದೆ ಕೂತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಚುಚ್ಚುವ ದಿನ

ಬಟ್ಟೆಯನ್ನು ನಟನಿಗೆ ತೊಡಿಸಿಯೇ ಗುರುತು ಮಾಡಿ. ಮೇಜಿನ ಮೇಲೆ ಹರಡಿ ಅಳೆದದ್ದು ಮೈಮೇಲೆ ವಾಲುತ್ತದೆ. ಕೋಟಿನಲ್ಲಿ ಅಕ್ಷರಗಳೂ ರೆಕ್ಕೆಯೂ ನೆಲಕ್ಕೆ ಸಮನಾಗಿ ಅಡ್ಡಕ್ಕೆ ಕೂರಬೇಕು, ಲ್ಯಾಪೆಲ್ಲಿನ ಓರೆಗೆ ತಕ್ಕಂತೆ ವಾಲಿಸಬೇಡಿ. ಕಚ್ಚಿನಿಂದ ಅಕ್ಷರಕ್ಕೆ ನಾನು ಒಂದು ಬೆರಳಿನಷ್ಟು ಜಾಗ ಬಿಡುತ್ತೇನೆ. ರಟ್ಟಿನ ತುಂಡೊಂದನ್ನು ಆ ಅಳತೆಗೆ ಕತ್ತರಿಸಿ ಒಂದು ಕಡೆ ಇಟ್ಟು ಟೈಲರ್ ಚಾಕಿನಲ್ಲಿ ಚುಕ್ಕೆ ಹಾಕಿ. ಅದೇ ರಟ್ಟನ್ನು ಮಗುಚಿ ಇನ್ನೊಂದು ಕಡೆಗೂ ಹಾಕಿ. ಎರಡೂ ಕಡೆ ತಾನಾಗಿ ಸಮ ಬರುತ್ತದೆ.

ಶರ್ಟಿನ ಕಾಲರಿನಲ್ಲಿ ಪಟ್ಟಿಯನ್ನು ಯಾವ ಕೋನಕ್ಕೆ ಇಡಬೇಕು ಎಂಬುದರಲ್ಲಿ ಹಳೇ ಫೋಟೋಗಳೇ ಒಂದೊಂದು ಥರ ಇವೆ. ನಿಮ್ಮ ಕತೆಗೆ ಹತ್ತಿರದ ಒಂದು ಫೋಟೋ ಆರಿಸಿಕೊಂಡು ಅದನ್ನೇ ಕೊನೇವರೆಗೂ ಹಿಡಿಯಿರಿ. ಹತ್ತು ಫೋಟೋಗಳ ಸರಾಸರಿ ತೆಗೆಯಲು ಹೋಗಬೇಡಿ.

ಆ ಫೋಟೋ ಉಲ್ಟಾ ಪ್ರಿಂಟ್ ಆಗಿಲ್ಲ ತಾನೇ? ಹಳೇ ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದು ಬೇಕಾದಷ್ಟಿದೆ. ಅಂಗಿಯ ಗುಂಡಿ ನೋಡಿ. ಗಂಡಸರ ಅಂಗಿಯಲ್ಲಿ ಎಡಗಡೆಯ ಪಟ್ಟಿ ಮೇಲೆ ಬರುತ್ತದೆ. ಪೈಲಟ್ ರೆಕ್ಕೆ ಎಡ ಎದೆಯ ಮೇಲಿರಬೇಕು. ಎರಡೂ ತಿರುಗಿದ್ದರೆ ಫೋಟೋನೇ ತಿರುಗಿದೆ. ಕಪ್ಪು ಬಿಳುಪಿನಲ್ಲಿ ಚಿನ್ನ ಯಾವುದು ಬೆಳ್ಳಿ ಯಾವುದು ಅಂತ ಬಣ್ಣ ನೋಡಿ ತೀರ್ಮಾನಿಸುವುದೂ ಅಪಾಯ. ಎಲೆ ಕಂಡರೆ ಮೇಜರೋ ಲೆಫ್ಟಿನೆಂಟ್ ಕರ್ನಲ್ಲೋ ಎಂದು ಫೋಟೋದ ಹೆಸರುಪಟ್ಟಿಯಿಂದ ಖಚಿತ ಮಾಡಿಕೊಳ್ಳಿ.

ತೆಳು ಹತ್ತಿ ಕಾಲರಿಗೆ ಲೋಹದ ಭಾರ ತಡೆಯುವುದಿಲ್ಲ. ಕಾಲರಿನ ಒಳಗೆ ಎಂಟಾಣೆ ನಾಣ್ಯದಷ್ಟು ಅಗಲದ ಬಕ್ರಂ (ಗಟ್ಟಿ ಬಟ್ಟೆ) ತುಂಡು ಇಟ್ಟು ಎರಡು ಹೊಲಿಗೆ ಹಾಕಿಸಿ. ಮುಳ್ಳಿನ ಬಿಲ್ಲೆಗೆ ಮೊದಲು ಸೂಜಿಯಿಂದ ಸಣ್ಣ ತೂತು, ಆಮೇಲೆ ಮುಳ್ಳು. ನೇರವಾಗಿ ಒತ್ತಿದರೆ ನೂಲು ಕಡಿದು ತೂತು ದೊಡ್ಡದಾಗುತ್ತದೆ. ಬಾಡಿಗೆ ಬಟ್ಟೆಯಾದರೆ ಡಿಪಾಸಿಟ್ ಹೋಯಿತು ಅಂತಲೇ ಲೆಕ್ಕ.

ಈಗ ಆ ಹಿರಿಯರು ಕಲಿಸಿದ ಪಾಠ. ನಟನ ಎದುರು ನಿಲ್ಲಬೇಡಿ. ಅವನ ಬೆನ್ನ ಹಿಂದೆ ನಿಂತು, ಭುಜದ ಮೇಲಿಂದ ಕೈ ಚಾಚಿ ಬಿಲ್ಲೆ ಹಿಡಿದು ನೋಡಿ. ಆಗ ಅವನ ಬಲವೂ ನಿಮ್ಮ ಬಲವೂ ಒಂದೇ. ಜಾಗ ಗೊತ್ತಾದ ಮೇಲೆ ಮುಂದೆ ಬಂದು ಚುಚ್ಚಿ. ನಾನು ಈಗ ಕಾಲರಿನ ಬಲಭಾಗದ ಒಳಗೆ 'ದ' ಅಂತ, ಎಡಭಾಗದ ಒಳಗೆ 'ರೆ' ಅಂತ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ದರ್ಜೆ, ರೆಕ್ಕೆ. ನಾನಿಲ್ಲದ ದಿನ ಬೇರೆಯವರು ಹಾಕಿದರೂ ತಪ್ಪಬಾರದಲ್ಲ.

ಪ್ರದರ್ಶನ ಮುಗಿದ ಮೇಲೆ

ಬಿಲ್ಲೆ ಬಿಚ್ಚದೆ ಬಟ್ಟೆ ಒಗೆಯಲು ಹಾಕಬೇಡಿ, ಹಿತ್ತಾಳೆಯ ಹಸಿರು ಕಲೆ ಖಾಕಿಯಿಂದ ಹೋಗುವುದಿಲ್ಲ. ಮಾಡಿಸಿದ ಬಿಲ್ಲೆಗಳನ್ನು ಹೇಗೆ ಬೇಕಾದರೂ ಉಜ್ಜಿ. ಅಸಲಿ ಹಳೆಯದು ಕೈಗೆ ಸಿಕ್ಕಿದ್ದರೆ ಮಾತ್ರ ಹಿತ್ತಾಳೆ ಪಾಲಿಶ್, ಹುಣಸೆಹಣ್ಣು ಯಾವುದನ್ನೂ ಹತ್ತಿರ ತರಬೇಡಿ. ತೆಳು ಗಿಲೀಟು ಒಂದೇ ಉಜ್ಜಿಗೆ ಹೋಗಿಬಿಡುತ್ತದೆ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮೆತ್ತನೆಯ ಪಿವಿಸಿ ಚೀಲದಲ್ಲಿ ಇಟ್ಟರೆ ಹಸಿರು ಕಿಲುಬು ಕಟ್ಟುತ್ತದೆ. ರಬ್ಬರ್ ಬ್ಯಾಂಡ್ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ನಾನು ಬಿಳಿ ಹತ್ತಿಬಟ್ಟೆಯಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಹಳೇ ಬಿಸ್ಕತ್ ಡಬ್ಬಿಯಲ್ಲಿ ಹಾಕಿಡುತ್ತೇನೆ. ಮುಚ್ಚಳದ ಒಳಗೆ ಆ ಹಿರಿಯರು ಆಮೇಲೆ ಕಳಿಸಿದ ಗ್ರೂಪ್ ಫೋಟೋದ ನಕಲು ಅಂಟಿಸಿದ್ದೇನೆ. ಮುಂದಿನ ಸಾಲಿನಲ್ಲಿ ಕೂತ ಕ್ಯಾಪ್ಟನ್ನಿನ ಬಲ ಕಾಲರಿನಲ್ಲಿ ಜೋಡಿ ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ.